ಕೆಮ್ಮುದಿಂಬಿನ ಹೊಟ್ಟೆಯೊಳಗೆ

“ಏಳನೇ ಕ್ಲಾಸು ದಾಟದವನ ಕೈಗೆ ನನ್ನ ಪೇಷಂಟುಗಳ ಉಸಿರು ಕೊಟ್ಟಿದ್ದೀವಲ್ಲ, ತಪ್ಪು ನಮ್ದೇ ಬಿಡಿ!”

ದೊಡ್ಡ ಡಾಕ್ಟರ ದನಿ ಕಿಡ್ನಿ ವಾರ್ಡಿನ ಕಾರಿಡಾರನ್ನು ಈ ತುದಿಯಿಂದ ಆ ತುದಿಗೆ ಅಳೆದು ಬಂತು. ಬೆಳಗಿನ ರೌಂಡ್ಸಿನ ಹೊತ್ತು. ಅವರ ಬೆನ್ನ ಹಿಂದೆ ಕಿರಿಯ ಡಾಕ್ಟರುಗಳ ದಂಡು, ಟ್ರೇ ಹಿಡಿದ ನರ್ಸುಗಳು, ಬೆಂಚಿನ ತುಂಬ ಪೇಷಂಟುಗಳ ಮನೆಯವರು. ಏಣಿಯ ಮೇಲೆ ನಿಂತು ಚಾವಣಿಯ ಜಾಲರಿ ಬಿಚ್ಚುತ್ತಿದ್ದ, ಆಸ್ಪತ್ರೆಯ ಗಾಳಿಕೊಳವೆಗಳನ್ನು ನೋಡಿಕೊಳ್ಳುವ ಗಾಳಿ ಮೇಸ್ತ್ರಿ, ಬಾಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡೇ ಕೆಳಗೆ ನೋಡಿದ.

“ಇಳಿ ಕೆಳಗೆ. ನಿನ್ನ ಹತ್ರ ಕತ್ತೆತ್ತಿ ಬೇರೆ ಮಾತಾಡ್ಬೇಕಾ ನಾನು?”

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಮೇಸ್ತ್ರಿ ಇಳಿದ. ಸ್ಕ್ರೂಗಳನ್ನು ಅಂಗೈಗೆ ತೆಗೆದುಕೊಂಡು ಅಂಗಿಗೆ ಒರೆಸಿದ.

“ಸಾರ್, ನನ್ನ ಫಿಲ್ಟರು...”

“ಅದು ಫಿಲ್ಟರಲ್ಲಯ್ಯ, ಜರಡಿ! ನಾಲ್ಕು ಗಂಟೆ ಬಗ್ಗಿ ನಿಂತು ಒಂದೊಂದು ಕಿಡ್ನಿ ಹೊಲಿದಿದ್ದೀನಿ. ನಿನ್ನ ಕೊಳವೆಯಿಂದ ಬಂದ ಫಂಗಸ್ಸು ಮೂರು ಜನರ ಶ್ವಾಸಕೋಶ ತಿಂತಿದೆ. ಅಕ್ಷರ ಬರೋ ಒಬ್ಬನ್ನ ಹುಡುಕ್ರಪ್ಪ ಈ ಕೆಲಸಕ್ಕೆ.”

ದಂಡು ಮುಂದಕ್ಕೆ ಹೋಯಿತು. ಹೋಗುವಾಗ ಒಬ್ಬ ಕಿರಿಯ ಡಾಕ್ಟರು ಏಣಿಗೆ ಕಾಲು ತಗುಲಿಸಿಕೊಂಡು, ಏಣಿಯದ್ದೂ ತಪ್ಪು ಎಂಬಂತೆ ಅದನ್ನು ಕೆಕ್ಕರಿಸಿದ.

ಐದು ವಾರದಲ್ಲಿ ಮೂವರು. ಬಸ್ ಕಂಡಕ್ಟರು, ಗಣಿತದ ಟೀಚರಮ್ಮ, ಕ್ಷೌರದಂಗಡಿಯವನು. ಮೂವರಿಗೂ ಹೊಸ ಕಿಡ್ನಿ ಹಿಡಿದುಕೊಂಡು, ಮನೆಗೆ ಹೊರಡುವ ಹೊತ್ತಿಗೆ ಜ್ವರ, ಕೆಮ್ಮು, ಕಫದಲ್ಲಿ ಬೂಷ್ಟು.

ಮೇಸ್ತ್ರಿಯ ಕಿವಿ ಸುಡುತ್ತಿತ್ತು. ಸುಟ್ಟರೆ ಸುಡಲಿ. ಈ ಒಂದು ವರ್ಷದಿಂದ ಅವನ ಹೊಟ್ಟೆಯೊಳಗೆ ಒಂದು ತಂಪು ಕೂತಿತ್ತು. ಅಷ್ಟು ಸುಲಭಕ್ಕೆ ಅದು ಬಿಸಿಯಾಗುವಂಥದ್ದಲ್ಲ. ಅವನ ಎಡಗಡೆಯ ಕಿಡ್ನಿ ಈಗ ಅಕ್ಕನ ಹೊಟ್ಟೆಯಲ್ಲಿತ್ತು. ಮೂರು ವರ್ಷ ಡಯಾಲಿಸಿಸ್ ಯಂತ್ರಕ್ಕೆ ಕೈಯೊಡ್ಡಿ ಮಲಗಿದ್ದ ಅಕ್ಕ ಈಗ ಎರಡೆರಡು ಮೆಟ್ಟಿಲು ಹಾರಿ ಹತ್ತುತ್ತಾಳೆ, ಪಕ್ಕದ ಮನೆಯವರ ಜೊತೆ ನೀರಿಗೆ ಜಗಳ ಆಡುತ್ತಾಳೆ. ಅವಳ ಜಗಳ ಕೇಳಿದರೆ ಅವನಿಗೆ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು.

ಆದರೆ ಅಕ್ಕನೂ ದಿನಕ್ಕೆ ಎರಡು ಸಲ ಆ ಮಾತ್ರೆ ನುಂಗುವವಳೇ. ಬೇರೆಯವರ ಕಿಡ್ನಿಯನ್ನು ಮೈಯ ಕಾವಲುಗಾರರು ಒದ್ದು ಓಡಿಸದಿರಲಿ ಎಂದು ಅವರಿಗೆ ತೂಕಡಿಕೆ ಹಿಡಿಸುವ ಮಾತ್ರೆ. ಕಾವಲಿನವರು ತೂಕಡಿಸುವಾಗ, ನಮ್ಮ ನಿಮ್ಮ ಮೂಗಲ್ಲಿ ದಿನಾ ಹೋಗಿ ಬರುವ ಬೂಷ್ಟಿನ ಕಣವೂ ಒಳಗೆ ಬಿಡಾರ ಹೂಡುತ್ತದೆ. ಅಕ್ಕ ಪ್ರತಿ ಮಂಗಳವಾರ ತಪಾಸಣೆಗೆ ಬಂದು ಇದೇ ಕಾರಿಡಾರಿನಲ್ಲಿ ಕೂರುತ್ತಾಳೆ. ಬೂಷ್ಟು ಎಲ್ಲಿಂದ ಬಂತೆಂದು ಗೊತ್ತಾಗದಿದ್ದರೆ ನಾಲ್ಕನೆಯ ಎದೆ ಅಕ್ಕನದ್ದೇ ಆಗಬಹುದು. ದೊಡ್ಡ ಡಾಕ್ಟರು ಬೈದದ್ದಕ್ಕಿಂತ ಮೇಸ್ತ್ರಿಯನ್ನು ಕೊರೆಯುತ್ತಿದ್ದದ್ದು ಈ ಲೆಕ್ಕ.

ಅವನು ಏಣಿ ಮಡಚಿ ಲ್ಯಾಬಿಗೆ ಹೋದ.

“ಬನ್ನಿ ಮೇಸ್ತ್ರಿ,” ಎಂದರು ಲ್ಯಾಬ್ ಮೇಡಂ, ಸೂಕ್ಷ್ಮದರ್ಶಕದಿಂದ ತಲೆಯೆತ್ತದೆ. “ಪೂಜೆ ಜೋರಾಗಿ ಆಯ್ತಂತೆ?”

“ಇಲ್ಲಿಗೂ ಕೇಳಿಸ್ತಾ?”

“ಗೋಡೆಗೇ ಜ್ವರ ಬಂತು. ಇಲ್ಲಿ ನೋಡಿ.” ಮೇಜಿನ ಮೇಲೆ ಹನ್ನೆರಡು ಚಿಕ್ಕ ಗಾಜಿನ ತಟ್ಟೆಗಳು. “ನಿಮ್ಮ ಜಾಲರಿಗಳ ಕೆಳಗೆ ಇಟ್ಟಿದ್ದು. ಒಂದರಲ್ಲೂ ಬೂಷ್ಟು ಬೆಳೆದಿಲ್ಲ. ನನ್ನ ಮನೆ ಅಡುಗೆಮನೇಲಿ ಒಂದಿಟ್ಟಿದ್ದೆ, ಅದು ಕಾಡಾಗಿದೆ. ನೀವು ಒಳಗೆ ಬಿಡ್ತಿರೋ ಗಾಳಿ ಚಿನ್ನದಂಥದ್ದು ಮಾರಾಯ್ರೆ.”

ಮೇಸ್ತ್ರಿ ನಕ್ಕ. ನಗು ಬೇಡವೆಂದರೂ ಬಂತು. ಏಳು ವಾರದಿಂದ ಪಕ್ಕದ ಹಳೆಯ ಕಟ್ಟಡ ಒಡೆಯುತ್ತಿದ್ದರು. ಆ ಧೂಳು ಕಂಡ ದಿನವೇ ಅವನು ಫಿಲ್ಟರ್ ಹಾಸು ಬದಲಿಸುವ ವರಸೆ ಬದಲಿಸಿದ್ದ. ತಿಂಗಳಿಗೊಮ್ಮೆ ಇದ್ದದ್ದು ವಾರಕ್ಕೆರಡು ಸಲ. ಮೆತ್ತನೆ ಬಿಳಿ ನಾರಿನ ಹಾಸು ಮೂರೇ ದಿನಕ್ಕೆ ಇಲಿಯ ಬಣ್ಣಕ್ಕೆ ತಿರುಗುತ್ತಿತ್ತು. ಅಂದರೆ ಹಾಸು ತನ್ನ ಕೆಲಸ ಮಾಡುತ್ತಿತ್ತು.

“ಇದನ್ನ ದೊಡ್ಡ ಡಾಕ್ಟ್ರಿಗೆ ಹೇಳಿದ್ರಾ?”

“ಹೇಳಿದೆ. ತಟ್ಟೆ ಸರಿ ಇಲ್ಲ ಅಂದ್ರು. ನಾಳೆ ನಾನೂ ಸರಿ ಇಲ್ಲ ಅಂತಾರೆ.” ಮೇಡಂ ಕನ್ನಡಕ ಹಣೆಗೇರಿಸಿದರು. “ಒಂದು ಮಾತು ಹೇಳ್ತೀನಿ ಕೇಳಿ. ಮೂರು ಜನರ ಎದೆಗೆ ಹೋಗಿರೋದು ಒಂದೆರಡು ಕಣ ಅಲ್ಲ. ಹಿಡಿಗಟ್ಟಲೆ. ಚಾವಣಿಯಿಂದ ಉದುರಿದ್ರೆ ಎಲ್ಲರ ಮೇಲೂ ಉದುರಬೇಕಿತ್ತು. ಇದು ಮೂಗಿನ ಹತ್ರಾನೇ ಇದ್ದಿದ್ದು. ಏನದು, ಹುಡುಕಿ.”

ಮೂಗಿನ ಹತ್ತಿರ.

ಮೂವರೂ ಬೇರೆ ಬೇರೆ ಕೋಣೆಯವರು, ಬೇರೆ ಬೇರೆ ದಿನ ಕೊಯ್ಯಿಸಿಕೊಂಡವರು. ಟೀಚರಮ್ಮನ ಮನೆಯಲ್ಲಿ ಹೂವಿನ ಕುಂಡಗಳಿವೆ, ಬೂಷ್ಟು ಆ ಮಣ್ಣಿನದ್ದೇ ಇರಬೇಕು ಎಂದು ಒಬ್ಬ ಕಿರಿಯ ಡಾಕ್ಟರು ಅವಳ ಗಂಡನನ್ನು ಅರ್ಧ ದಿನ ಗೋಳು ಹೊಯ್ದುಕೊಂಡಿದ್ದ. ಕಂಡಕ್ಟರ ಮನೆಯಲ್ಲಿ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

ಟೀಚರಮ್ಮ ಈಗ ಉಸಿರಿನ ಯಂತ್ರದಲ್ಲಿದ್ದಳು. ಕ್ಷೌರದಂಗಡಿಯವನು ನಿದ್ದೆಯಲ್ಲಿದ್ದ. ಮಾತಾಡುವ ಸ್ಥಿತಿಯಲ್ಲಿದ್ದದ್ದು ಕಂಡಕ್ಟರೊಬ್ಬನೇ. ಅವನಿಗೆ ಆ ಸ್ಥಿತಿ ತಪ್ಪಿದ್ದು ಹುಟ್ಟಿದಾಗಿನಿಂದ ಎಂದೂ ಇಲ್ಲ ಎಂದು ನರ್ಸುಗಳು ಹೇಳುತ್ತಿದ್ದರು.

“ಹೋಲ್ಡಾನ್!” ಎಂದ ಕಂಡಕ್ಟರು, ಮೇಸ್ತ್ರಿ ಬಾಗಿಲು ತೆರೆದ ಕೂಡಲೇ. “ಮಾಸ್ಕ್ ಹಾಕಿದ್ದೀಯ ತಾನೆ? ಸರಿ, ಒಳಗ್ ಬಾ. ಮುಂದೆ ಜಾಗ ಇದೆ.”

ಕೈಗೆ ಡ್ರಿಪ್ಪು ಹಾಕಿದ್ದರು. ಬೂಷ್ಟಿನ ಔಷಧಿ, ಹಳದಿ ಬಣ್ಣದ್ದು. ಮುಖ ಸೋತಿದ್ದರೂ ಕಣ್ಣು ಮಿಣಮಿಣ ಅನ್ನುತ್ತಿತ್ತು.

“ಅಣ್ಣಾ, ನೀವು ಮೂರು ಜನ ಒಟ್ಟಿಗೆ ಏನಾದ್ರೂ ಮಾಡಿದ್ರಾ? ಒಂದೇ ಕಡೆ ಕೂತಿದ್ರಾ?”

“ಒಟ್ಟಿಗೆ ಮಾಡಿದ್ದು ಅಂದ್ರೆ ನರ್ಸಮ್ಮನ ಹತ್ರ ಬೈಸಿಕೊಂಡಿದ್ದು. ಆ ಟೀಚರಮ್ಮನ ಮುಖಾನೇ ನಾನು ಸರಿಯಾಗಿ ನೋಡಿಲ್ಲ ಕಣೋ. ದಿಂಬು ಕೊಡೋ ದಿನ ದೂರದಿಂದ ಚಪ್ಪಾಳೆ ತಟ್ಟಿದ್ದೆ ಅಷ್ಟೇ.”

ಅಷ್ಟರಲ್ಲಿ ಅವನಿಗೆ ಕೆಮ್ಮು ಬಂತು. ಕೈ ತಾನಾಗಿ ಪಕ್ಕಕ್ಕೆ ಹೋಗಿ ಒಂದು ಪುಟ್ಟ ದಿಂಬನ್ನು ಎಳೆದುಕೊಂಡಿತು. ಅದನ್ನು ಹೊಲಿಗೆಯ ಗಾಯಕ್ಕೆ ಒತ್ತಿ, ಮೇಲೆ ಬಗ್ಗಿ, ಅವನು ಕೆಮ್ಮಿದ.

ಈ ವಾರ್ಡಿನಲ್ಲಿ ಅದಕ್ಕೆ ಕೆಮ್ಮುದಿಂಬು ಎನ್ನುತ್ತಿದ್ದರು. ಕೊಯ್ದ ಹೊಟ್ಟೆ ಕೆಮ್ಮಿದರೆ ಹರಿದು ಹೋಗುವಷ್ಟು ನೋಯುತ್ತದೆ. ದಿಂಬು ಅಪ್ಪಿಕೊಂಡು ಕೆಮ್ಮಿದರೆ ತಾಳಬಹುದು. ಆಪರೇಷನ್ ಆಗಿ ಮೂರನೆಯ ದಿನ, ಮೊದಲ ಸಲ ಎದ್ದು ನಡೆದವರಿಗೆ ಹಳೆಯ ಪೇಷಂಟೊಬ್ಬರು ಬಂದು ದಿಂಬು ಕೊಡುವುದು, ಬಾಗಿಲಲ್ಲಿ ನಿಂತವರೆಲ್ಲ ಚಪ್ಪಾಳೆ ತಟ್ಟುವುದು ಇಲ್ಲಿನ ರೂಢಿ. ಒಂದು ವರ್ಷದಿಂದ ಆ ದಿಂಬುಗಳನ್ನು ಹೊಲಿಯುತ್ತಿದ್ದವಳು ಮೇಸ್ತ್ರಿಯ ಅಕ್ಕ. ಕಂಡಕ್ಟರ ದಿಂಬಿನ ಮೇಲೆ ಅವಳು ಕೆಂಪು ದಾರದಲ್ಲಿ ‘ರೈಟ್ ರೈಟ್’ ಎಂದು ಕಸೂತಿ ಹಾಕಿದ್ದಳು.

“ನಿಮ್ಮಕ್ಕ ಇಲ್ದಿದ್ರೆ ನನ್ನ ಹೊಟ್ಟೆ ಲಾಸ್ಟ್ ಸ್ಟಾಪ್ ನೋಡ್ತಿತ್ತು,” ಎಂದ ಕಂಡಕ್ಟರು, ಉಸಿರು ಎಳೆದುಕೊಳ್ಳುತ್ತ. “ಹೆತ್ತ ತಾಯಿ ಥರ ಹೆಣ್ಣುಮಗಳು ಕಣೋ. ಹೇಳು ಅವಳಿಗೆ.”

ಮೇಸ್ತ್ರಿಗೆ ಆ ಮಾತು ಕೇಳಿಸಲಿಲ್ಲ. ಕಿಟಕಿಯಿಂದ ಬಿಸಿಲಿನ ಒಂದು ಪಟ್ಟಿ ಹಾಸಿಗೆಯ ಮೇಲೆ ಬಿದ್ದಿತ್ತು. ಕಂಡಕ್ಟರು ದಿಂಬನ್ನು ಒತ್ತಿದಾಗ ಆ ಪಟ್ಟಿಯೊಳಗೆ ಏನೋ ತೆಳುವಾಗಿ ಎದ್ದು, ಅವನ ಮುಖದ ಸುತ್ತ ಸುಳಿದು ಕರಗಿತ್ತು.

“ಅಣ್ಣಾ, ಅದನ್ನ ಕೊಡಿ ಇಲ್ಲಿ.”

“ಯಾಕೋ?”

“ಕೊಡಿ ಅಂದ್ನಲ್ಲ!”

ಅವನ ದನಿಗೆ ಕಂಡಕ್ಟರು ತಮಾಷೆ ಬಿಟ್ಟು ಕೊಟ್ಟ. ಮೇಸ್ತ್ರಿ ಅದನ್ನು ಉಪಕರಣದ ಚೀಲಕ್ಕೆ ತುರುಕಿ, ಅದರ ಬಾಯಿ ಬಿಗಿದು, ಕೆಮ್ಮುದಿಂಬಲ್ಲದ ಬೇರೆ ದಿಂಬು ಕೊಡಿಸಿ ಎಂದು ನರ್ಸಿಗೆ ಹೇಳಿ ಹೊರಬಿದ್ದ.

ಲ್ಯಾಬಿನ ಗಾಜಿನ ಪೆಟ್ಟಿಗೆಯೊಳಗೆ ಕೈಗವಸು ಹಾಕಿ, ಮೇಡಂ ಎದುರಿಗೇ ಅವನು ದಿಂಬಿನ ಒಂದು ಬದಿಯ ಹೊಲಿಗೆ ಬಿಚ್ಚಿದ. ಒಳಗೆ ಹತ್ತಿ ಇರಲಿಲ್ಲ. ಬಿಳಿ ನಾರಿನ ಮುದ್ದೆ. ಅದನ್ನು ಬಿಡಿಸಿದಾಗ ಒಳಮೈ ಇಲಿಯ ಬಣ್ಣ.

ರೊಟ್ಟಿ ತಟ್ಟುವವಳಿಗೆ ತನ್ನ ಕೈಯ ರೊಟ್ಟಿ ಗೊತ್ತಾಗುವಂತೆ ಮೇಸ್ತ್ರಿಗೆ ಅದು ಗೊತ್ತಾಯಿತು.

“ಮೇಡಂ,” ಎಂದ. “ಇದು ನನ್ನ ಫಿಲ್ಟರ್ ಹಾಸು. ನಾನು ಬಿಚ್ಚಿ ಎಸೆದಿದ್ದು.”

ಮೇಡಂ ಪಾರದರ್ಶಕ ಟೇಪಿನ ತುಂಡೊಂದನ್ನು ಆ ಬೂದಿಬಣ್ಣದ ಮೇಲೆ ಒತ್ತಿ, ಗಾಜಿಗಂಟಿಸಿ, ಸೂಕ್ಷ್ಮದರ್ಶಕಕ್ಕಿಟ್ಟರು. ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿ ಬಿಟ್ಟುಕೊಟ್ಟರು. ಮೇಸ್ತ್ರಿ ಕಣ್ಣಿಟ್ಟ. ಸಣ್ಣ ಕಾಂಡಗಳ ತುದಿಗೆ ಉಂಡೆಯಾಗಿ ಕಟ್ಟಿದ ಮಣಿಗಳು, ಯಾರೋ ಕುಂಚ ಅದ್ದಿ ನಿಲ್ಲಿಸಿದ ಹಾಗೆ.

“ಕಂಡಕ್ಟರ ಕಫದಲ್ಲಿ ಸಿಕ್ಕಿದ್ದೂ ನೋಡೋಕೆ ಇದೇ. ಬೆಳೆಸಿ ಖಾತ್ರಿ ಮಾಡೋಕೆ ದಿನ ಬೇಕು. ಅಲ್ಲೀತನಕ ಕಾಯೋದು ಬೇಡ.” ಮೇಡಂ ಫೋನೆತ್ತಿದ್ದರು. “ವಾರ್ಡಲ್ಲಿರೋ ದಿಂಬೆಲ್ಲ ಈಗಲೇ ಕಟ್ಟಿ ತರಿಸ್ತೀನಿ. ಮನೆಗೆ ಹೋದವರನ್ನೂ ಕರೆಸ್ತೀನಿ. ಅಲ್ಲ ಮೇಸ್ತ್ರಿ, ನಿಮ್ಮ ಹಾಸು ಹಿಡಿಬೇಕಾದ್ದನ್ನ ಹಿಡಿದಿದೆ. ಹಿಡಿದಿದ್ದನ್ನ ದಿಂಬಿಗೆ ತುಂಬಿದವರು ಯಾರು?”

ಮೇಸ್ತ್ರಿ ಆಗಲೇ ಬಾಗಿಲು ದಾಟಿದ್ದ.

ಅಕ್ಕನ ಮನೆ ಎರಡು ಬೀದಿ ಆಚೆ, ಮೂರನೆಯ ಮಹಡಿ. ಬಾಗಿಲಾಚೆಗೇ ಹೊಲಿಗೆ ಯಂತ್ರದ ಸದ್ದು, ಅದರ ಮೇಲೆ ಅಕ್ಕನ ಗುನುಗು.

“ಬಂದ್ಯಾ? ಚಪ್ಪಲಿ ಆಚೆ ಬಿಡು. ನಿನ್ನ ಕಿಡ್ನಿ ನಿನ್ನೆ ಎರಡೂವರೆ ಲೀಟರ್ ಕೆಲಸ ಮಾಡಿದೆ ಕಣೋ. ನಿನ್ನ ಹೊಟ್ಟೇಲಿದ್ದಾಗ ಇಷ್ಟು ನಿಯತ್ತಾಗಿ ದುಡಿದಿರಲಿಕ್ಕಿಲ್ಲ.”

ಬೇರೆ ದಿನವಾಗಿದ್ದರೆ ಅವನು ತಕ್ಕ ಉತ್ತರ ಕೊಡುತ್ತಿದ್ದ. ಇಂದು ಅವನ ಕಣ್ಣು ಯಂತ್ರದ ಪಕ್ಕದ ಮೂಟೆಗಳ ಮೇಲಿತ್ತು. ಎರಡು ಪಾರದರ್ಶಕ ಪ್ಲಾಸ್ಟಿಕ್ ಮೂಟೆ. ಒಂದು ಅರ್ಧ ಖಾಲಿ. ಕತ್ತಿಗೆ ಚೀಟಿ, ಚೀಟಿಯ ಮೇಲೆ ದಿನಾಂಕ, ಅದರ ಕೆಳಗೆ ಅವನದೇ ಸಹಿ.

ಹಳೆಯ ಹಾಸು ಬಿಚ್ಚಿದಾಗ ಧೂಳು ಹಾರದಿರಲೆಂದು ಅವನು ಕೊಳೆಮುಖವನ್ನು ಒಳಕ್ಕೆ ಮಾಡಿ ಮಡಚುತ್ತಿದ್ದ. ಹಾಗೆ ಮಡಚಿದರೆ ಹೊರಗೆ ಕಾಣುವುದು ಹಾಲಿನಂಥ ಬಿಳಿ. ಅದನ್ನು ಚೀಲಕ್ಕೆ ತುಂಬಿ, ಸಹಿ ಮಾಡಿ, ಹಿಂದಿನ ಸ್ಟೋರಿನಲ್ಲಿ ಇಡುತ್ತಿದ್ದ. ಪಕ್ಕದಲ್ಲೇ ಹೊಸ ಹಾಸಿನ ಮೂಟೆಗಳೂ ಇರುತ್ತಿದ್ದವು. ಆಸ್ಪತ್ರೆಯ ಕಸ ಸುಡುವವರು ವಾರಕ್ಕೊಮ್ಮೆ ಬಂದು ಹಳೆಯದನ್ನು ಒಯ್ಯುತ್ತಿದ್ದರು. ಎಷ್ಟು ಮೂಟೆ ಇಟ್ಟೆ, ಎಷ್ಟು ಹೋಯಿತು ಎಂದು ಅವನು ಒಂದು ದಿನವೂ ಎಣಿಸಿರಲಿಲ್ಲ.

“ಅಕ್ಕ, ಇದು ಎಲ್ಲಿಂದ ಬಂತು?”

“ನಿಮ್ಮ ಆಸ್ಪತ್ರೆದೇ ಅಲ್ವಾ? ನಿನ್ನ ಸಹಿ ಇದೆ. ನೀನು ನೋಡಿ ಪಾಸ್ ಮಾಡಿದ್ದೀಯ ಅಂದ್ಕೊಂಡೆ.” ಅಕ್ಕ ಯಂತ್ರ ನಿಲ್ಲಿಸಿದಳು. “ಹತ್ತಿಗಿಂತ ಚೆನ್ನಾಗಿದೆ. ಗಂಟೇ ಕಟ್ಟಲ್ಲ. ಒಳಗೆ ಸ್ವಲ್ಪ ಧೂಳಿತ್ತು, ಕೊಡವಿ ಕೈಯಲ್ಲೇ ಬಿಡಿಸಿದೆ.”

“ಕೈಯಲ್ಲೇ.”

“ಮತ್ತೆ ಕಾಲಲ್ಲಾ?”

“ಬಿಡಿಸುವಾಗ ಮಾಸ್ಕ್ ಹಾಕಿದ್ಯಾ?”

“ಮನೆ ಒಳಗೆ ಯಾರಾದ್ರೂ ಮಾಸ್ಕ್ ಹಾಕ್ತಾರೇನೋ? ಆಚೆ ಹೋಗುವಾಗ ಹಾಕಿ ಅಂದಿದ್ರು, ಹಾಕ್ತೀನಿ. ಕಿಟಕಿಯೂ ಮುಚ್ಚೇ ಇರ್ತೀನಿ, ಬೀದಿ ಧೂಳು ಬರಬಾರ್ದು ಅಂತ.” ಹೆಮ್ಮೆಯಿಂದಲೇ ಹೇಳಿದಳು.

ಮುಚ್ಚಿದ ಕಿಟಕಿ, ಮಡಿಲಲ್ಲಿ ಬೂಷ್ಟಿನ ಹಾಸು, ಅದರ ಮೇಲೆ ಬಗ್ಗಿದ ಮೂಗು. ಕಂಡಕ್ಟರ ದಿಂಬಿನಲ್ಲಿದ್ದದ್ದು ಒಂದು ಹಿಡಿ. ಇಲ್ಲಿದ್ದದ್ದು ಮೂಟೆ.

ಅವನು ಹೋಗಿ ಕಿಟಕಿಯ ಎರಡೂ ಬಾಗಿಲು ತೆರೆದ. ಅಕ್ಕನಿಗೆ ಮಾಸ್ಕ್ ಕೊಟ್ಟು ಹಾಕಿಕೊಳ್ಳಲು ಹೇಳಿದ. ಮೂಟೆಗಳನ್ನು ಎರಡನೆಯ ಚೀಲದೊಳಗಿಟ್ಟು ಬಿಗಿದ. ಅಕ್ಕ ನೋಡುತ್ತಲೇ ಇದ್ದಳು. ಅವಳೇನು ದಡ್ಡಿಯಲ್ಲ.

“ಕಂಡಕ್ಟರಿಗೆ ನನ್ನ ದಿಂಬಿಂದಾನೇ ಬಂತಾ?”

ಅವನು ಗಂಟು ಬಿಗಿಯುತ್ತಿದ್ದ.

“ಟೀಚರಮ್ಮಂಗೂ?”

“ನಿಂದೇನೂ ತಪ್ಪಿಲ್ಲಕ್ಕ. ನಾನು ಕೇಳ್ತಿರೋದು ಒಂದೇ. ನಾನು ಕಳಿಸಿಲ್ಲ. ತಂದವರು ಯಾರು?”

“ಹೇಳಬಾರ್ದು ಅಂದಿದ್ದಾರೆ.”

“ಯಾರು?”

“ಒಳ್ಳೇ ಮನಸ್ಸಿಂದ ಕೊಟ್ಟಿದ್ದು ಕಣೋ. ದಾನ ಕೊಟ್ಟಿದ್ದನ್ನ ಸಾರಿಕೊಂಡು ತಿರುಗಬಾರ್ದು ಅಂತ.”

“ಅಕ್ಕಾ! ಮೂರು ಜನ ಮಲಗಿದ್ದಾರೆ. ಅದನ್ನ ನನ್ನ ತಲೆಗೆ ಕಟ್ಟಿದ್ರು, ಇವತ್ತು, ಇಡೀ ವಾರ್ಡಿನ ಎದುರು. ಹೇಳ್ತೀಯೋ ಇಲ್ವೋ?”

ಅಕ್ಕ ಸೂಜಿಯಿಂದ ದಾರ ಎಳೆದು ಬೆರಳಿಗೆ ಸುತ್ತಿದಳು. ಮಾಸ್ಕಿನ ಮೇಲಿನ ಕಣ್ಣು ತುಂಬಿ, ತುಳುಕದೆ ನಿಂತಿತು.

“ದೊಡ್ಡ ಡಾಕ್ಟ್ರು,” ಎಂದಳು.

ಮೇಸ್ತ್ರಿ ಕೂತುಬಿಟ್ಟ.

“ಆರು ವಾರದ ಹಿಂದೆ. ಹತ್ತಿ ಸಾಲ್ತಿಲ್ಲ ಅಂತ ತಪಾಸಣೆ ದಿನ ಅಂದಿದ್ದೆ. ಸ್ಟೋರಲ್ಲಿ ಹೊಸ ಹಾಸು ಸುಮ್ನೆ ಬಿದ್ದಿದೆ, ನಾನೇ ತಲುಪಿಸ್ತೀನಿ ಅಂದ್ರು. ಅವರೇ ಕಾರಿನ ಡಿಕ್ಕಿಯಿಂದ ಎತ್ತಿ, ಅಷ್ಟು ದೊಡ್ಡ ಮನುಷ್ಯ, ಮೂರು ಮಹಡಿ ಹತ್ತಿಸಿ ಇಲ್ಲಿಟ್ಟು ಹೋದ್ರು. ನೀರು ಕೊಟ್ಟೆ, ಕುಡಿದ್ರು.” ಅಕ್ಕ ಅವನ ತೋಳು ಹಿಡಿದಳು. “ನನ್ನ ಹೊಟ್ಟೆಗೆ ನಿನ್ನ ಕಿಡ್ನಿ ಹೊಲಿದ ಕೈ ಕಣೋ ಅದು. ನಾಲ್ಕು ಜನರ ಮುಂದೆ ಅವರ ಮಾತೆತ್ತಬೇಡ.”

ಅವನು ಎದ್ದು ಮೂಟೆಗಳನ್ನು ಹೆಗಲಿಗೇರಿಸಿದ.

“ನಡಿ ಅಕ್ಕ. ಎದೆ ಸ್ಕ್ಯಾನ್ ಮಾಡಿಸೋಣ.”

“ನನಗೇನಾಗಿದೆ? ಎರಡು ದಿನದಿಂದ ಗಂಟಲು ಚೂರು ಕೆರೀತಿದೆ ಅಷ್ಟೇ,” ಎಂದವಳು, ತಾನು ಏನು ಹೇಳಿದೆನೆಂದು ತಾನೇ ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿದಳು.

ದಾರಿಯುದ್ದಕ್ಕೂ ಮಾತ್ರ ಅವಳೇ ಅವನನ್ನು ನಗಿಸಿದಳು. ಮೂಟೆ ಹೊತ್ತ ಅವನನ್ನು ಕಂಡು ಬೀದಿಯ ನಾಯಿ ಬೊಗಳಿದ್ದಕ್ಕೆ, “ಮದುಮಗನ ಕಳೆ ಇದೆ ಅಂತ ಗುರುತು ಹಿಡೀತು ನೋಡು,” ಎಂದಳು. ಮಧ್ಯಾಹ್ನದ ಬಿಸಿಲಲ್ಲಿ ಅವಳ ನಡಿಗೆ ಚುರುಕಾಗಿತ್ತು. ಆ ನಡಿಗೆ ನೋಡುತ್ತ ಹಿಂದೆ ಬರುವಾಗ, ಇಷ್ಟೆಲ್ಲದರ ನಡುವೆಯೂ, ಮೇಸ್ತ್ರಿಗೆ ಒಂದು ಗಳಿಗೆ ಹಿತವೆನಿಸಿತು. ಅದು ತನ್ನ ಮೈಯ ತುಂಡಿನ ಮೇಲೆ ನಡೆಯುತ್ತಿರುವ ನಡಿಗೆ.

ಮೂಟೆಗಳನ್ನು ಲ್ಯಾಬಿಗೊಪ್ಪಿಸಿ, ಅಕ್ಕನನ್ನು ಸ್ಕ್ಯಾನ್ ಕೋಣೆಯೊಳಗೆ ಕಳಿಸಿ, ಅವನು ಹೊರಗಿನ ಬೆಂಚಿನ ಮೇಲೆ ಕೂತ. ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು.

ಹತ್ತು ನಿಮಿಷವಾಗಿರಬಹುದು. ಕಾರಿಡಾರಿನ ತಿರುವಿನಲ್ಲಿ ಹೆಜ್ಜೆಗಳ ಸದ್ದು. ದೊಡ್ಡ ಡಾಕ್ಟರು, ಅವರ ಹಿಂದೆ ಬೆಳಗಿನ ದಂಡೇ, ಜೊತೆಗೆ ದಿಂಬಿನ ಸುದ್ದಿ ಕೇಳಿ ಬಂದ ಪೇಷಂಟುಗಳ ಮನೆಯವರು. ಕೊನೆಯಲ್ಲಿ ಲ್ಯಾಬ್ ಮೇಡಂ, ಮುಖ ಗಂಟಿಕ್ಕಿಕೊಂಡು. ಒಬ್ಬ ಕಿರಿಯ ಡಾಕ್ಟರ ಕೈಯಲ್ಲಿ ಎರಡು ಪದರ ಚೀಲದೊಳಗೆ ಆ ಮೂಟೆ.

“ಎದ್ದೇಳು,” ಎಂದರು ದೊಡ್ಡ ಡಾಕ್ಟರು.

ಮೇಸ್ತ್ರಿ ಎದ್ದ.

“ಗಾಳಿಯಿಂದ ಬಂದಿದ್ದಲ್ಲ ಅಂತ ಮೇಡಂ ಹೇಳಿದ್ರು. ಒಪ್ಪಿದೆ. ಆದ್ರೆ ಕೊಳಕು ನಿಂದು, ಮೂಟೆ ನಿಂದು, ಸಹಿ ನಿಂದು, ಹೊಲಿದವಳು ನಿಮ್ಮಕ್ಕ. ಈ ಕಸ ಅವಳ ಮನೆಗೆ ಹೇಗೆ ಹೋಯ್ತು? ಯಾರು ತಲುಪಿಸಿದ್ರು? ಎಲ್ಲರಿಗೂ ಕೇಳೋ ಹಾಗೆ ಹೇಳು.”

ಟೀಚರಮ್ಮನ ಗಂಡ ಒಂದು ಹೆಜ್ಜೆ ಮುಂದೆ ಬಂದ.

ಮೇಸ್ತ್ರಿ ದೊಡ್ಡ ಡಾಕ್ಟರ ಮುಖವನ್ನೇ ನೋಡಿದ. ಅವರು ಅವನನ್ನು ನೋಡುತ್ತಿದ್ದರು, ಗೋಡೆ ನೋಡುತ್ತಿದ್ದರು, ತಮ್ಮ ಕೈಗಡಿಯಾರ ನೋಡಿದರು. ಕಿರಿಯ ಡಾಕ್ಟರು ಮೂಟೆಯನ್ನು ಮೂಗಿನ ಮುಂದೆಯೇ ಎತ್ತಿ ಹಿಡಿದಿದ್ದರೂ ಅದನ್ನು ಮಾತ್ರ ಒಂದು ಸಲವೂ ನೋಡಲಿಲ್ಲ. ಕತ್ತಿನ ಪಕ್ಕದಲ್ಲಿ ಒಂದು ನರ ಪಟಪಟನೆ ಬಡಿಯುತ್ತಿತ್ತು.

ಗೊತ್ತು. ಇವರಿಗೆ ಗೊತ್ತು.

ಅಕ್ಕ ಹೇಳಿದ್ದ ಎರಡೇ ಪದ ಸಾಕಿತ್ತು. ಆ ಎರಡು ಪದ ನಾಲಿಗೆಯ ತುದಿಗೆ ಬಂದು ಕೂತಿದ್ದವು. ಬೆಳಗಿನಿಂದ ಸುಡುತ್ತಿದ್ದ ಕಿವಿಗಳು ಅವನ್ನು ಕೇಳಲು ಕಾಯುತ್ತಿದ್ದವು.

ಕೆಂಪು ದೀಪ ಆರಿತು. ಬಾಗಿಲು ಅರ್ಧ ತೆರೆದು ಸ್ಕ್ಯಾನಿನ ನರ್ಸಮ್ಮ ತಲೆ ಹೊರಗೆ ಹಾಕಿದಳು. ಗುಂಪು ನೋಡಿ ಗಾಬರಿಯಾದಳು.

“ಒಳಗಿರೋರ ತಮ್ಮ ಯಾರು? ಎದೆಯ ಬಲಗಡೆ ಏನೋ ಕಾಣ್ತಿದೆ, ಇನ್ನೊಂದ್ಸಲ ತೆಗೀಬೇಕು. ಅವರು ನಿಮ್ಮ ಕೈ ಹಿಡ್ಕೊಂಡ್ರೇನೇ ಮಲಗ್ತೀನಿ ಅಂತಿದ್ದಾರೆ. ಬೇಗ ಬನ್ನಿ.”

“ಕೇಳಿದ್ದಕ್ಕೆ ಉತ್ತರ ಕೊಟ್ಟು ಹೋಗು!” ಎಂದರು ದೊಡ್ಡ ಡಾಕ್ಟರು.

ಗಾಳಿ ಮೇಸ್ತ್ರಿ ಅವರಿಗೆ ಬೆನ್ನು ತಿರುಗಿಸಿ, ಸ್ಕ್ಯಾನಿನ ಕಿರಣ ತಡೆಯಲು ನರ್ಸಮ್ಮ ಕೊಟ್ಟ ಸೀಸದ ಅಂಗಿಯನ್ನು ತೋಳಿಗೆ ಏರಿಸಿಕೊಳ್ಳುತ್ತ ಒಳಗೆ ನಡೆದ.